ಸ್ಟಾಪ್‌ವಾಚ್ ಹಿಡಿದ ಎಂಜಿನಿಯರ್

ಶುಕ್ರವಾರ ಸಂಜೆಯಾದರೆ ಟೈಮ್‌ಶೀಟ್ ತುಂಬುವುದು ಪುಣೆಯ ಹಿಂಜವಡಿಯಲ್ಲಿರುವ ನನಗೂ ತಪ್ಪಿದ್ದಲ್ಲ, ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಕುಳಿತಿರುವ ನಿಮಗೂ ತಪ್ಪಿದ್ದಲ್ಲ. ಯಾವ ಕೆಲಸಕ್ಕೆ ಎಷ್ಟು ತಾಸು ಹೋಯಿತು, ಅಂದಾಜಿಗಿಂತ ಹೆಚ್ಚಾಯಿತೇ, ಹೆಚ್ಚಾದರೆ ಯಾಕೆ ಎಂದು ಒಂದೊಂದು ಖಾನೆಗೂ ಲೆಕ್ಕ ಒಪ್ಪಿಸಬೇಕು. ಈ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ಸಿಗುವ ಮನುಷ್ಯ ಫ್ರೆಡರಿಕ್ ವಿನ್ಸ್‌ಲೋ ಟೇಲರ್. ಎಂಜಿನಿಯರಿಂಗ್ ಐದನೇ ಸೆಮಿಸ್ಟರಿನ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಇವನನ್ನು ಎಂಟು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಮುಗಿದ ಮರುದಿನವೇ ಮರೆತೆ. ಮತ್ತೆ ಓದಿದ್ದು ನಾನೇ ಟೀಮ್ ಲೀಡ್ ಆಗಿ, ಬೇರೆಯವರ ತಾಸುಗಳ ಲೆಕ್ಕ ನೋಡುವ ಪಾಳಿ ಬಂದ ಮೇಲೆ.

ಟೇಲರ್ ಹುಟ್ಟಿದ್ದು 1856ರ ಮಾರ್ಚ್ 20ರಂದು, ಅಮೆರಿಕದ ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ. ಕ್ವೇಕರ್ ಪಂಥದ ಸಿರಿವಂತ ಮನೆತನ. ಹಾರ್ವರ್ಡ್ ಪ್ರವೇಶ ಪರೀಕ್ಷೆ ಪಾಸಾದ ಹುಡುಗ ಕಣ್ಣಿನ ತೊಂದರೆ, ತಲೆನೋವು ಎಂದು ಕಾಲೇಜಿಗೆ ಹೋಗಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಅಪ್ಪನ ದುಡ್ಡಿನಲ್ಲಿ ಆರಾಮಾಗಿ ಕಾಲ ಕಳೆಯಬಹುದಿತ್ತು. ಆತ 1874ರಲ್ಲಿ ಪಂಪು ತಯಾರಿಸುವ ಸಣ್ಣ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಪ್ಯಾಟರ್ನ್ ಮಾಡುವುದು, ಲೇತ್ ಓಡಿಸುವುದು ಕಲಿತ. ಜೊತೆಗೆ ಕಾರ್ಮಿಕರ ಬೈಗುಳಗಳನ್ನೂ ಕಲಿತ, ಕಡೆಯವರೆಗೂ ಅವನ ಬಾಯಿಯಿಂದ ಅವು ಹೋಗಲಿಲ್ಲ.

1878ರಲ್ಲಿ ಮಿಡ್‌ವೇಲ್ ಸ್ಟೀಲ್ ಕಂಪನಿಯ ಮಷೀನ್ ಶಾಪಿಗೆ ದಿನಗೂಲಿಯವನಾಗಿ ಬಂದ. ಸುಮಾರು ಆರು ವರ್ಷಗಳಲ್ಲಿ ಮುಖ್ಯ ಎಂಜಿನಿಯರ್ ಆದ. ಮಾಲೀಕರ ಪರಿಚಯವೂ ಕೈ ಹಿಡಿಯಿತು ಅನ್ನಿ, ಆದರೆ ಕೆಲಸ ಬಾರದವನಲ್ಲ. ಈ ನಡುವೆಯೇ ಹೆಚ್ಚಾಗಿ ಮನೆಯಲ್ಲೇ ಓದಿಕೊಂಡು 1883ರಲ್ಲಿ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಅದಕ್ಕೂ ಮೊದಲು, 1881ರಲ್ಲಿ, ಅಮೆರಿಕದ ಮೊಟ್ಟಮೊದಲ ರಾಷ್ಟ್ರೀಯ ಟೆನಿಸ್ ಪಂದ್ಯಾವಳಿಯ ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದಿದ್ದ! ಇಂಥವನಿಗೆ ಉಳಿದವರೆಲ್ಲ ನಿಧಾನಸ್ಥರಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮಿಡ್‌ವೇಲ್‌ನಲ್ಲಿ ಮೇಸ್ತ್ರಿಯಾದ ಕೂಡಲೇ ಅವನಿಗೆ ಎದುರಾದ ಸಮಸ್ಯೆ ನಮಗೆಲ್ಲ ಗೊತ್ತಿರುವುದೇ. ಕೆಲಸಗಾರರು ತಮ್ಮಿಂದ ಆಗುವುದಕ್ಕಿಂತ ತೀರಾ ಕಡಿಮೆ ಮಾಡುತ್ತಿದ್ದರು. ಅದೂ ಸೋಮಾರಿತನದಿಂದಲ್ಲ, ಎಲ್ಲರೂ ಮಾತಾಡಿಕೊಂಡು. ತುಂಡಿಗೆ ಇಷ್ಟು ಎಂದು ಕೂಲಿ. ಯಾರಾದರೂ ಹೆಚ್ಚು ತುಂಡು ತೆಗೆದು ಹೆಚ್ಚು ದುಡಿದರೆ ಮ್ಯಾನೇಜ್‌ಮೆಂಟ್ ತುಂಡಿನ ದರವನ್ನೇ ಇಳಿಸಿಬಿಡುತ್ತಿತ್ತು. ಆಮೇಲೆ ಅದೇ ದುಡ್ಡಿಗೆ ಎಲ್ಲರೂ ಹೆಚ್ಚು ಬೆವರು ಸುರಿಸಬೇಕು. ಹೀಗಿರುವಾಗ ಓಡುವವನೇ ದಡ್ಡ.

ನನ್ನ ಕಾಕಾ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವರು. ಅವರ ಶಾಪಿನಲ್ಲೂ ಪಾಳಿಗೆ ಇಷ್ಟೇ ಪೀಸು ಎಂಬ ಬರೆಯದ ಕಾನೂನಿತ್ತಂತೆ. ಹೊಸದಾಗಿ ಬಂದ ಹುರುಪಿನ ಹುಡುಗ ಅದನ್ನು ಮೀರಿದರೆ ಹಿರಿಯರು ಚಹಾಕ್ಕೆ ಕರೆದುಕೊಂಡು ಹೋಗಿ ಸಮಾಧಾನದಿಂದ ತಿಳಿಹೇಳುತ್ತಿದ್ದರಂತೆ. ನಮ್ಮ ಟೀಮಿನ ಹುಡುಗರು ಎರಡು ದಿನದ ಕೆಲಸಕ್ಕೆ ನಾಲ್ಕು ದಿನದ ಎಸ್ಟಿಮೇಟ್ ಕೊಡುವುದೂ ಇದೇ ಕಾನೂನಿನ ಇನ್ನೊಂದು ರೂಪ. ಎರಡೇ ದಿನದಲ್ಲಿ ಮುಗಿಸಿದರೆ ಮುಂದಿನ ಸ್ಪ್ರಿಂಟಿನಲ್ಲಿ ದುಪ್ಪಟ್ಟು ಬೀಳುತ್ತದೆ ಎಂದು ಅವರಿಗೆ ಗೊತ್ತು. ಅವರನ್ನು ನಾನು ಬಯ್ಯುವುದಿಲ್ಲ. ಟೇಲರ್ ಕೂಡ ಈ ವಿಷಯದಲ್ಲಿ ಕಾರ್ಮಿಕರನ್ನು ಬಯ್ಯಲಿಲ್ಲ. ತಪ್ಪು ದರ ಇಳಿಸುವ ಮಾಲೀಕರದ್ದು, ಅವರ ಜಾಗದಲ್ಲಿದ್ದರೆ ತಾನೂ ಹಾಗೆಯೇ ಮಾಡುತ್ತಿದ್ದೆ ಎಂಬುದು ಅವನಿಗೆ ಸ್ಪಷ್ಟವಿತ್ತು. ಪಠ್ಯಪುಸ್ತಕಗಳು ಇದನ್ನು ಒತ್ತಿ ಹೇಳುವುದಿಲ್ಲ.

ಆದರೆ ಮೇಸ್ತ್ರಿಯಾಗಿ ಅವನು ಮಾಡಿದ್ದು ಜಗಳ. ಎರಡು ಮೂರು ವರ್ಷ ದಂಡ ಹಾಕಿದ, ಕೆಲಸದಿಂದ ತೆಗೆದ, ಹೊಸಬರನ್ನು ತಂದು ಕಲಿಸಿದ. ಕೊನೆಗೆ ಉತ್ಪಾದನೆ ಏರಿತು, ಅವನ ನೆಮ್ಮದಿ ಹೋಯಿತು. ಜಗಳಕ್ಕೆ ಮೂಲ ಕಾರಣ ಒಂದು ದಿನದ ನ್ಯಾಯವಾದ ಕೆಲಸ ಎಂದರೆ ಎಷ್ಟು ಎಂಬುದು ಎರಡೂ ಕಡೆಯವರಿಗೆ ತಿಳಿಯದೇ ಇರುವುದು ಎಂಬ ತೀರ್ಮಾನಕ್ಕೆ ಬಂದ. ಅದನ್ನು ಅಳೆದು ಹೇಳಿದರೆ ವಾದವೇ ಉಳಿಯುವುದಿಲ್ಲ ಎಂದುಕೊಂಡ. ಸ್ಟಾಪ್‌ವಾಚ್ ಕೈಗೆ ಬಂದದ್ದು ಹೀಗೆ.

ಅಳೆಯುವ ಅವನ ಹಟ ದೊಡ್ಡದು. ಲೇತ್ ಮೇಲೆ ಉಕ್ಕು ಕತ್ತರಿಸಲು ಯಾವ ವೇಗ, ಎಷ್ಟು ಆಳ, ಟೂಲಿನ ಮೂತಿ ಯಾವ ಆಕಾರ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನು 26 ವರ್ಷ ಪ್ರಯೋಗ ನಡೆಸಿದ. ಒಂದರ ಮೇಲೊಂದು ಪ್ರಭಾವ ಬೀರುವ 12 ಅಂಶಗಳು, ದಾಖಲಾದ 30,000ಕ್ಕೂ ಹೆಚ್ಚು ಪ್ರಯೋಗಗಳು. ಈ ಗೋಜಲನ್ನು ಸಾಮಾನ್ಯ ಕೆಲಸಗಾರ ಅರೆ ನಿಮಿಷದಲ್ಲಿ ಬಿಡಿಸುವಂತೆ ಅವನ ಸಹಾಯಕ ಕಾರ್ಲ್ ಬಾರ್ತ್ ವಿಶೇಷ ಸ್ಲೈಡ್ ರೂಲ್ ಮಾಡಿಕೊಟ್ಟ. ಬೆತ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ ಮಾನ್ಸೆಲ್ ವೈಟ್ ಜೊತೆ ಸೇರಿ ಟೂಲ್ ಸ್ಟೀಲನ್ನು ಅತಿ ಹೆಚ್ಚು ಶಾಖದಲ್ಲಿ ಹದ ಮಾಡುವ ವಿಧಾನ ಕಂಡುಹಿಡಿದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಟೂಲಿನ ಮೂತಿ ಕೆಂಪಗೆ ಕಾದರೂ ಉಕ್ಕನ್ನು ಕೊರೆಯುತ್ತಲೇ ಇದ್ದುದನ್ನು ಯುರೋಪಿನ ಎಂಜಿನಿಯರುಗಳು ಬಾಯಿಬಿಟ್ಟು ನೋಡಿದರು. ಇಂದಿಗೂ ಹಾರ್ಡ್‌ವೇರ್ ಅಂಗಡಿಯ ಡ್ರಿಲ್ ಬಿಟ್ ಮೇಲಿರುವ ಎಚ್‌ಎಸ್‌ಎಸ್ ಎಂಬ ಮೂರಕ್ಷರದ ಹಿಂದಿನ ಕಥೆ ಇದು. ಕಾಕಾಗೆ ಇದನ್ನು ಹೇಳಿದಾಗ ಮೂವತ್ತು ವರ್ಷ ಕೈಯಲ್ಲಿ ಹಿಡಿದ ಟೂಲಿನ ಪೂರ್ವಜ ಸಿಕ್ಕನೆಂದು ಖುಷಿಪಟ್ಟರು. ಟೇಲರ್ ಬರೇ ಇಷ್ಟನ್ನೇ ಮಾಡಿದ್ದರೂ ಅವನ ಹೆಸರು ಉಳಿಯುತ್ತಿತ್ತು.

ಅದೇ ಬೆತ್ಲೆಹೆಮ್‌ನಲ್ಲಿ ಅವನು ಮನುಷ್ಯರನ್ನೂ ಅಳೆದ. ಸಲಿಕೆಯ ಕಥೆ ನನಗೆ ಇಷ್ಟವಾದದ್ದು. ಕೂಲಿಯವರು ತಮ್ಮದೇ ಸಲಿಕೆ ತಂದು ಅದರಿಂದಲೇ ಹಗುರ ಕಲ್ಲಿದ್ದಲನ್ನೂ ಭಾರದ ಅದಿರನ್ನೂ ಎತ್ತುತ್ತಿದ್ದರು. ಒಂದು ಸಲಕ್ಕೆ 21 ಪೌಂಡ್, ಅಂದರೆ ಸುಮಾರು ಒಂಬತ್ತೂವರೆ ಕಿಲೋ ಎತ್ತಿದರೆ ದಿನದ ಕೊನೆಗೆ ಅತಿ ಹೆಚ್ಚು ಕೆಲಸವಾಗುತ್ತದೆ ಎಂದು ಟೇಲರ್ ಲೆಕ್ಕ ಹಾಕಿ, ಒಂದೊಂದು ಸಾಮಗ್ರಿಗೆ ಒಂದೊಂದು ಅಳತೆಯ ಸಲಿಕೆಯನ್ನು ಕಂಪನಿಯಿಂದಲೇ ಕೊಡಿಸಿದ. ಸಲಕರಣೆ ಒದಗಿಸುವುದು ಕೆಲಸ ಮಾಡಿಸುವವನ ಹೊಣೆ. ಹಳೇ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮುಗಿಯುವುದನ್ನೇ ಕಾಯುತ್ತಾ ಕೂತವರಿಗೆ ಇದರ ಬೆಲೆ ಗೊತ್ತು. ಇದರ ಇನ್ನೊಂದು ಮಗ್ಗುಲೂ ಇದೆ. ಮೂರ್ನಾಲ್ಕು ವರ್ಷಗಳಲ್ಲಿ ಅಂಗಳದ ಕೂಲಿಯವರ ಸಂಖ್ಯೆ ಸುಮಾರು 400–600ರಿಂದ 140ಕ್ಕೆ ಇಳಿಯಿತು. ಉಳಿದವರ ಕೂಲಿ ಸುಮಾರು ಶೇ 60 ಏರಿತು. ಉಳಿಯದವರು ಎಲ್ಲಿಗೆ ಹೋದರು ಎಂಬುದಕ್ಕೆ ಅವನ ಬಳಿ ಸ್ಲೈಡ್ ರೂಲ್ ಇರಲಿಲ್ಲ.

ಹೆಚ್ಚು ಪ್ರಸಿದ್ಧವಾದದ್ದು 1899ರ ಕಬ್ಬಿಣದ ಗಟ್ಟಿಗಳ ಪ್ರಯೋಗ. ಒಂದೊಂದು ಗಟ್ಟಿ ಸುಮಾರು 92 ಪೌಂಡ್, ಅಂದರೆ 42 ಕಿಲೋ. ಅದನ್ನು ಹೊತ್ತು ಹಲಗೆ ಏರಿ ರೈಲು ವ್ಯಾಗನ್ನಿಗೆ ಹಾಕಬೇಕು. ಒಬ್ಬೊಬ್ಬ ದಿನಕ್ಕೆ ಹನ್ನೆರಡೂವರೆ ಟನ್ ಹಾಕುತ್ತಿದ್ದ. ಟೇಲರ್ ನಿಗದಿ ಮಾಡಿದ್ದು 47 ಟನ್. ಲೆಕ್ಕ ಹಾಕಿ ನೋಡಿದೆ, ಒಂದು ದಿನಕ್ಕೆ ಸಾವಿರಕ್ಕೂ ಹೆಚ್ಚು ಗಟ್ಟಿ! ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಎಂಟು ಜನರಲ್ಲಿ ಒಬ್ಬನಿಗೆ ಮಾತ್ರ ಇದು ಸಾಧ್ಯ ಎಂದು ಅವನೇ ಬರೆದ. ಸಾಧ್ಯವಾದವನಿಗೆ ತನ್ನ ಪುಸ್ತಕದಲ್ಲಿ ಶ್ಮಿಟ್ ಎಂದು ಹೆಸರಿಟ್ಟು ಎತ್ತಿನಂಥ ಮಂದಬುದ್ಧಿಯವನಾಗಿ ಚಿತ್ರಿಸಿದ. ಅವನ ನಿಜ ಹೆಸರು ಹೆನ್ರಿ ನಾಲ್. ದಿನವಿಡೀ ಕಬ್ಬಿಣ ಹೊತ್ತು, ಸಂಜೆ ತನ್ನ ಸ್ವಂತ ಮನೆಯ ಗೋಡೆ ಕಟ್ಟುತ್ತಿದ್ದ ಮನುಷ್ಯ. ಸಾಲ ಮಾಡಿ ವಾಕಡ್‌ನಲ್ಲಿ ಫ್ಲ್ಯಾಟ್ ಕೊಂಡ ನನಗೆ ಅವನು ದಡ್ಡನಾಗಿ ಕಾಣಲಿಲ್ಲ.

ಆ 47 ಟನ್ ಎಲ್ಲಿಂದ ಬಂತು? ಚಾರ್ಲ್ಸ್ ರೇಗ್ ಮತ್ತು ಅಮೆಡಿಯೊ ಪೆರೋನಿ ಎಂಬ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿ 1974ರಲ್ಲಿ ಅದನ್ನು ಬಯಲಿಗಿಟ್ಟರು. ಟೇಲರ್‌ನ ಸಹಾಯಕರು ಗಟ್ಟಿಮುಟ್ಟಾದವರನ್ನು ಆರಿಸಿ, ಅವರಿಂದ ಕೆಲವೇ ನಿಮಿಷ ಶಕ್ತಿಮೀರಿ ಹೊರಿಸಿದರು. ಆ ವೇಗವನ್ನು ಹತ್ತು ತಾಸಿಗೆ ಗುಣಿಸಿದಾಗ 71 ಟನ್ ಬಂತು. ವಿಶ್ರಾಂತಿಗೆಂದು ಸುಮಾರು ಶೇ 40 ಕಳೆದು 45 ಟನ್ ಎಂದು ಇಟ್ಟರು. ಆ ಶೇ 40 ಎಲ್ಲಿಂದ ಬಂತೆಂದರೆ, ಅಂದಾಜಿನಿಂದ. ವಿಜ್ಞಾನ ಎಂದು ಜಗತ್ತು ಓದಿದ ಕಥೆಯ ಹೊಟ್ಟೆಯೊಳಗೆ ಇದ್ದದ್ದು ನಾವು ಸೋಮವಾರದ ಪ್ಲಾನಿಂಗ್ ಮೀಟಿಂಗಿನಲ್ಲಿ ಹಾಕುವಂಥದ್ದೇ ಒಂದು ಅಂಕಿ. ನಮ್ಮ ಎಕ್ಸೆಲ್ ಹಾಳೆಯಲ್ಲೂ ಹೀಗೆಯೇ ಆಗುತ್ತದೆ. ಯಾರೋ ಬಾಯಿಗೆ ಬಂದದ್ದು ಹೇಳಿದ ಅಂಕಿ ಮೂರು ಪ್ರೆಸೆಂಟೇಶನ್ ದಾಟಿದ ಮೇಲೆ ಟಾರ್ಗೆಟ್ ಆಗಿ ಕೂರುತ್ತದೆ. ಅಪ್ರೈಸಲ್ ಬಂದಾಗ ಅದರ ಕೆಳಗೆ ಯಾರದೋ ಹೆಸರಿರುತ್ತದೆ. ಆ ಹೆಸರು ಬರೆಯಬೇಕಾದವನು ಈಗ ನಾನು. ಆದ್ದರಿಂದಲೇ ಟೇಲರ್ ಬಗ್ಗೆ ಇಷ್ಟು ತಲೆಕೆಡಿಸಿಕೊಂಡೆ.

ಬೆತ್ಲೆಹೆಮ್‌ನವರು 1901ರಲ್ಲಿ ಅವನನ್ನೇ ಕೆಲಸದಿಂದ ತೆಗೆದರು. ಅಷ್ಟರಲ್ಲಿ ದುಡ್ಡಿನ ಚಿಂತೆ ಇರಲಿಲ್ಲ. ಮಕ್ಕಳಿಲ್ಲದ ಅವನೂ ಹೆಂಡತಿ ಲೂಯಿಸ್ ಕೂಡ ಅದೇ ವರ್ಷ ತಂದೆತಾಯಿ ಕಳೆದುಕೊಂಡ ಮೂವರು ಮಕ್ಕಳನ್ನು ಮನೆಗೆ ತಂದು ಸಾಕಿದರು. ಆಮೇಲೆ ಯಾರಿಂದಲೂ ಸಂಬಳ ಪಡೆಯದೆ ತನ್ನ ಪದ್ಧತಿಯ ಪ್ರಚಾರಕ್ಕೆ ನಿಂತ. 1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಅಧ್ಯಕ್ಷನಾದ. 1910ರಲ್ಲಿ ರೈಲ್ವೆ ದರ ಏರಿಕೆಯ ವಿಚಾರಣೆಯಲ್ಲಿ ವಕೀಲ ಲೂಯಿ ಬ್ರ್ಯಾಂಡೈಸ್, ಈ ಪದ್ಧತಿ ತಂದರೆ ದರ ಏರಿಸುವ ಅಗತ್ಯವೇ ಇಲ್ಲ ಎಂದು ವಾದಿಸಿದ್ದೇ ತಡ, ಟೇಲರ್ ಮನೆಮಾತಾದ. ಮರುವರ್ಷ ಬಂದ ವೈಜ್ಞಾನಿಕ ಮ್ಯಾನೇಜ್‌ಮೆಂಟಿನ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಮೊದಲು ಅವನನ್ನು ಟೀಕಿಸಿದ್ದ ಲೆನಿನ್ ಕೂಡ 1918ರಲ್ಲಿ ರಷ್ಯಾಕ್ಕೆ ಇದು ಬೇಕು ಎಂದ.

ಪುಸ್ತಕ ಬಂದ ವರ್ಷವೇ, 1911ರ ಆಗಸ್ಟಿನಲ್ಲಿ, ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಗಾರದ ಮೋಲ್ಡರುಗಳು ಸ್ಟಾಪ್‌ವಾಚ್ ಕಂಡೊಡನೆ ಕೆಲಸ ಬಿಟ್ಟು ಹೊರನಡೆದರು. ಸಂಬಳಕ್ಕಿಂತ ಹೆಚ್ಚಾಗಿ ಅವರನ್ನು ಕೆಣಕಿದ್ದು ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತವನು. ಮೋಲ್ಡಿಂಗ್ ಕಲಿಯಲು ವರ್ಷಗಟ್ಟಲೆ ಬೇಕು, ನೋಡುತ್ತ ನಿಂತವನಿಗೆ ಆ ಕಸುಬು ಗೊತ್ತಿಲ್ಲ. ಸಂಸತ್ತಿನ ಸಮಿತಿ ವಿಚಾರಣೆಗೆ ಕುಳಿತಿತು. ಅದರ ಅಧ್ಯಕ್ಷ ವಿಲಿಯಂ ವಿಲ್ಸನ್ ಸ್ವತಃ ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದವನು. 1912ರ ಜನವರಿಯಲ್ಲಿ ಟೇಲರ್ ಹಲವು ದಿನ ಸಾಕ್ಷಿ ಹೇಳಿದ. ಸ್ಟಾಪ್‌ವಾಚ್ ಪದ್ಧತಿಯ ತಿರುಳಲ್ಲ, ಕೆಲಸಗಾರರೂ ಮ್ಯಾನೇಜ್‌ಮೆಂಟೂ ಇಬ್ಬರೂ ಮನಸ್ಸು ಬದಲಿಸದಿದ್ದರೆ ತನ್ನ ಪದ್ಧತಿಯೇ ಇಲ್ಲ ಎಂದು ಪಟ್ಟು ಹಿಡಿದ. ಅವನು ಹಾಗೆ ನಂಬಿದ್ದು ನಿಜ ಎಂದೇ ನನಗನ್ನಿಸುತ್ತದೆ. ಆದರೆ ಮನಸ್ಸು ಬದಲಿಸುವುದು ಕಷ್ಟ, ವಾಚು ಕೊಳ್ಳುವುದು ಸುಲಭ. ಕಂಪನಿಗಳು ಸುಲಭದ್ದನ್ನು ಕೊಂಡವು.

ಕೊನೆಯ ವರ್ಷಗಳಲ್ಲಿ ಹೆಂಡತಿಯ ಕಾಯಿಲೆ, ವಿರೋಧಿಗಳ ಟೀಕೆ ಅವನನ್ನು ಬಳಲಿಸಿದವು. ನ್ಯುಮೋನಿಯಾ ಆಗಿ ಫಿಲಡೆಲ್ಫಿಯಾದ ಆಸ್ಪತ್ರೆ ಸೇರಿದವನು 1915ರ ಮಾರ್ಚ್ 21ರಂದು, 59 ತುಂಬಿದ ಮರುದಿನ, ತೀರಿಕೊಂಡ. ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆಯಲು ಹಣ ಕೊಡಕೂಡದೆಂದು ಅಮೆರಿಕದ ಸಂಸತ್ತು ನಿಷೇಧ ಹಾಕಿದ್ದೂ ಅದೇ ವರ್ಷ. 1949ರವರೆಗೆ ಅದನ್ನು ತೆಗೆಯಲಿಲ್ಲ.