ಓಟಗಾರ್ತಿ ಹಿತೋಮಿ ಕಿನುಯೆ

ಬಾಳಿನ ಬೆಲೆಯನ್ನು ವರ್ಷಗಳಿಂದ ಅಳೆಯಲಾಗದು. ಇಪ್ಪತ್ತನಾಲ್ಕನೆಯ ವಯಸ್ಸಿಗೇ ಕಣ್ಮುಚ್ಚಿದ ಜಪಾನಿನ ಓಟಗಾರ್ತಿ ಹಿತೋಮಿ ಕಿನುಯೆಯ ಚರಿತ್ರೆಯನ್ನು ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಆಕೆ ಹುಟ್ಟಿದ್ದು 1907ರ ಜನವರಿ 1ರಂದು, ಒಕಾಯಾಮಾ ಪ್ರಾಂತದ ಬೇಸಾಯಗಾರರ ಮನೆಯಲ್ಲಿ. ಬಾಲಿಕಾ ಶಾಲೆಯಲ್ಲಿದ್ದಾಗ ಟೆನಿಸ್ ಆಟದಲ್ಲಿ ಹೆಸರು ಪಡೆದಳು. 1924ರಲ್ಲಿ ಟೋಕಿಯೋ ನಗರಕ್ಕೆ ಹೋಗಿ, ನಿಕಾಯ್ದೋ ತೊಕುಯೋ ಎಂಬ ವಿದುಷಿ ನಡೆಸುತ್ತಿದ್ದ ವ್ಯಾಯಾಮ ವಿದ್ಯಾಲಯವನ್ನು ಸೇರಿದಳು. 1926ರಲ್ಲಿ ಒಸಾಕಾದ ಮೈನಿಚಿ ಪತ್ರಿಕೆಯ ವರದಿಗಾರ್ತಿಯಾದಳು. ಕೈಯಲ್ಲಿ ಲೇಖನಿ, ಕಾಲಲ್ಲಿ ಓಟ. ಎರಡನ್ನೂ ಆಕೆ ಕಡೆಯವರೆಗೆ ಬಿಡಲಿಲ್ಲ.

ಅದೇ ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಮಹಿಳೆಯರ ವಿಶ್ವಕ್ರೀಡೆಗಳು ನಡೆದವು. ಹತ್ತೊಂಬತ್ತರ ಈ ತರುಣಿ ಸೈಬೀರಿಯವನ್ನು ರೈಲಿನಲ್ಲಿ ದಾಟಿ, ಜಪಾನಿನ ಏಕೈಕ ಸ್ಪರ್ಧಿಯಾಗಿ ಅಲ್ಲಿ ನಿಂತಳು. ಉದ್ದ ನೆಗೆತದಲ್ಲಿ 5.50 ಮೀಟರು ನೆಗೆದು ಗೆದ್ದಳು. ಮೆಚ್ಚಿದವರು ಹಲವರು, ತೊಡೆ ಕಾಣುವ ಉಡುಪು ತೊಟ್ಟು ಓಡುವವಳು ಹೆಣ್ಣೇ ಅಲ್ಲವೆಂದು ಆಡಿಕೊಂಡವರೂ ಉಂಟು.

1928ರಲ್ಲಿ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಮೊಟ್ಟಮೊದಲಿಗೆ ಸ್ತ್ರೀಯರ ಓಟ, ನೆಗೆತ, ಎಸೆತಗಳಿಗೆ ಅವಕಾಶ ದೊರೆಯಿತು. ಇದ್ದದ್ದು ಐದೇ ಸ್ಪರ್ಧೆಗಳು. ಅವುಗಳಲ್ಲಿ ಆಕೆಯ ಉದ್ದ ನೆಗೆತವಿರಲಿಲ್ಲ. ಭರವಸೆಯಿಟ್ಟಿದ್ದ 100 ಮೀಟರಿನ ಓಟದಲ್ಲಿ ಆಕೆ ಅಂತಿಮ ಸುತ್ತನ್ನು ಮುಟ್ಟಲಿಲ್ಲ. ಬರಿಗೈಯಲ್ಲಿ ಊರಿಗೆ ಮರಳಲಾರದೆ, ತಾನು ಅಭ್ಯಾಸ ಮಾಡಿರದ 800 ಮೀಟರಿನ ಓಟಕ್ಕೆ ಇಳಿದಳು. ಆ ಕಾಲದ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಅದೇ ಅತಿ ದೂರದ ಓಟ. ಆಗಸ್ಟ್ 2ರಂದು ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದಳು. ಹಿತೋಮಿ 2 ನಿಮಿಷ 17.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಕುಸಿದುಬಿದ್ದಳು. ಒಲಿಂಪಿಕ್ ಪದಕ ಗೆದ್ದ ಮೊದಲ ಜಪಾನೀ ಮಹಿಳೆ ಆಕೆಯೇ.

ಇಲ್ಲಿಂದ ಮುಂದಿನದು ನಾವು ಯೋಚಿಸಬೇಕಾದ ಸಂಗತಿ. ಅಂತಿಮ ಓಟದ ಒಂಬತ್ತು ಮಂದಿಯೂ ಗುರಿ ಮುಟ್ಟಿದ್ದರು. ಆದರೂ ಓಟಗಾರ್ತಿಯರು ದಾರಿಯಲ್ಲೇ ಬಿದ್ದರೆಂದು, ಈ ದೂರ ಸ್ತ್ರೀದೇಹಕ್ಕೆ ಸಲ್ಲದೆಂದು ಪತ್ರಿಕೆಗಳು ಬರೆದವು. ಆ ಓಟವನ್ನೇ ಕೈಬಿಡಲಾಯಿತು. ಅದು ಮತ್ತೆ ಬಂದದ್ದು 1960ರಲ್ಲಿ, ರೋಮಿನಲ್ಲಿ. 1908ರ ಲಂಡನ್ ಮ್ಯಾರಥಾನಿನಲ್ಲಿ ಇಟಲಿಯ ದೊರಾಂದೋ ಪಿಯೆತ್ರಿ ಹಲವು ಸಲ ಬಿದ್ದು ಪರರ ನೆರವಿನಿಂದ ಗುರಿ ಮುಟ್ಟಿದಾಗ, ಅನರ್ಹನಾದರೂ ರಾಣಿಯೇ ಅವನಿಗೆ ಬಟ್ಟಲನ್ನಿತ್ತು ಗೌರವಿಸಿದ್ದಳು. ಬಳಲಿಕೆ ಒಂದೇ, ಗಂಡಿನಲ್ಲಿ ಕಂಡರೆ ವೀರ, ಹೆಣ್ಣಿನಲ್ಲಿ ಕಂಡರೆ ಅಶಕ್ತಿ! ತರಗತಿಯಲ್ಲಿ ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿನಿಯರು ನಗುತ್ತಾರೆ. ಆ ನಗೆಯಲ್ಲಿ ಕಹಿಯೂ ಇರುತ್ತದೆ.

ಹಿತೋಮಿ ವಾದಕ್ಕೆ ನಿಲ್ಲುವುದಕ್ಕಿಂತ ಜೊತೆಯವರನ್ನು ಬೆಳೆಸುವುದೇ ಮೇಲೆಂದು ಬಗೆದಳು. ಉಪನ್ಯಾಸಗಳನ್ನು ಕೊಟ್ಟು ಹಣ ಕೂಡಿಸಿ, 1930ರಲ್ಲಿ ಐವರು ತರುಣಿಯರನ್ನು ಪ್ರಾಗ್ ನಗರದ ವಿಶ್ವಕ್ರೀಡೆಗಳಿಗೆ ಕರೆದೊಯ್ದಳು. ಒಂಟಿಯಾಗಿ ಸೈಬೀರಿಯವನ್ನು ದಾಟಿದವಳಿಗೆ ಆ ಐವರ ಜೊತೆ ಎಷ್ಟು ದೊಡ್ಡ ಸಂಪತ್ತಾಗಿ ತೋರಿರಬೇಕೆಂದು ನಾನು ಊಹಿಸಬಲ್ಲೆ. ಆಕೆ ಅಲ್ಲಿಯೂ ಉದ್ದ ನೆಗೆತದಲ್ಲಿ ಗೆದ್ದಳು. ಆದರೆ ಪ್ರವಾಸ, ಸ್ಪರ್ಧೆ, ಬರವಣಿಗೆ, ಉಪನ್ಯಾಸಗಳು ದೇಹವನ್ನು ಸವೆಸಿದ್ದವು. ಮರುವರ್ಷ ಶ್ವಾಸಕೋಶದ ಬೇನೆ ಹಿಡಿದು, 1931ರ ಆಗಸ್ಟ್ 2ರಂದು ಒಸಾಕಾದಲ್ಲಿ ತೀರಿಕೊಂಡಳು. ಆಮ್ಸ್ಟರ್‌ಡ್ಯಾಮಿನ ಆ ಓಟಕ್ಕೆ ಅಂದಿಗೆ ಸರಿಯಾಗಿ ಮೂರು ವರ್ಷ. ದೂರದ ಪ್ರಾಗ್ ನಗರವೂ ಆಕೆಗೆ ಸ್ಮಾರಕಶಿಲೆಯನ್ನು ನಿಲ್ಲಿಸಿತು.

1984ರಲ್ಲಿ ಸ್ತ್ರೀಯರ ಮ್ಯಾರಥಾನ್ ಒಲಿಂಪಿಕ್ಸನ್ನು ಸೇರಿತು. 1992ರಲ್ಲಿ ಬಾರ್ಸಿಲೋನಾದಲ್ಲಿ ಆ ಓಟದ ಬೆಳ್ಳಿಯ ಪದಕವನ್ನು ಗೆದ್ದ ಅರಿಮೋರಿ ಯೂಕೋ ಒಕಾಯಾಮಾದವಳೇ. 800 ಮೀಟರು ಹೆಣ್ಣಿಗೆ ಹೆಚ್ಚೆಂದವರಿಗೆ 42 ಕಿಲೋಮೀಟರುಗಳಲ್ಲಿ ಉತ್ತರ ಸಿಕ್ಕಿತು. ಅದನ್ನು ಕೇಳಲು ಹಿತೋಮಿ ಇರಲಿಲ್ಲ; ಆದರೆ ಅದರ ಮೊದಲ ಹೆಜ್ಜೆ ಅವಳದು.