ಶ್ವಾನಕ್ಕೂ ಸ್ಥಾನವಿತ್ತ ಸಾರ್ವಭೌಮ

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಅರಿಯದ ಕನ್ನಡಿಗರು ವಿರಳ. ಅವನ ಮಗ ಮೂರನೆಯ ಸೋಮೇಶ್ವರನಿಗೆ ಆ ಭಾಗ್ಯವಿಲ್ಲ. ವಿದ್ವಾಂಸನಾಗಿದ್ದನು, ಗ್ರಂಥ ಬರೆದನು, ಅವನ ಕಾಲದಲ್ಲಿ ಸಾಮ್ರಾಜ್ಯದ ಕಟ್ಟು ಸಡಿಲವಾಯಿತು ಎಂದಿಷ್ಟು ಹೇಳಿ ಪಠ್ಯಪುಸ್ತಕಗಳು ಮುಂದಿನ ದೊರೆಯ ಕಡೆಗೆ ನಡೆದುಬಿಡುತ್ತವೆ. ದಾವಣಗೆರೆಯಲ್ಲಿದ್ದು ಇತಿಹಾಸ ಬೋಧಿಸುವ ನನಗೆ ಈ ಅವಸರ ಸರಿಯೆನಿಸುವುದಿಲ್ಲ. ನಾಯಿಯನ್ನು ಸಾಕಿಕೊಂಡಿರುವ ಗೃಹಸ್ಥನಾಗಿಯಂತೂ ಇನ್ನೂ ಸರಿಯೆನಿಸುವುದಿಲ್ಲ.

ನಮ್ಮ ಊರಿನ ಹೆಸರೇ ಪ್ರಾಣಿಗಳ ನೆನಪನ್ನು ಹೊತ್ತಿದೆಯೆಂದು ಹಿರಿಯರು ಹೇಳುವುದುಂಟು. ದಾವಣಿಯೆಂದರೆ ಪಶುಗಳನ್ನು ಸಾಲಾಗಿ ಕಟ್ಟುವ ಹಗ್ಗ. ಚಾಲುಕ್ಯರ ಕುದುರೆಗಳನ್ನು ಕಟ್ಟಿ ನೀರುಣಿಸಿದ ಕೆರೆಯೇ ದಾವಣಗೆರೆಯಾಯಿತಂತೆ. ಈ ನಿರುಕ್ತಿಗಾಗಿ ನಾನು ಯಾರೊಡನೆಯೂ ವಾದಕ್ಕೆ ನಿಲ್ಲಲಾರೆ. ಆದರೆ ಊರ ಮಗ್ಗುಲಿನ ಆನೆಕೊಂಡದ ಗುಡಿ ಚಾಲುಕ್ಯ ಶೈಲಿಯದೆಂಬುದರಲ್ಲಿ ವಿವಾದವಿಲ್ಲ. ಸಮೀಪದ ಬೇತೂರು, ನೊಳಂಬವಾಡಿಯನ್ನಾಳುತ್ತಿದ್ದ ಉಚ್ಚಂಗಿಯ ಪಾಂಡ್ಯರ ನೆಲೆಯಾಗಿತ್ತು. ದಾವಣಗೆರೆ ಅದರ ಬದಿಯ ಒಂದು ಹಳ್ಳಿ. ಆ ಪಾಂಡ್ಯರು ಚಾಲುಕ್ಯ ಚಕ್ರವರ್ತಿಯ ಸಾಮಂತರು. ಹರಿಹರದಲ್ಲಿ ಇಂದು ನಾವು ಕಾಣುವ ಹರಿಹರೇಶ್ವರನ ಆಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದುದು ೧೨೨೪ರಲ್ಲಿ, ಸೋಮೇಶ್ವರನು ತೀರಿಕೊಂಡ ಎಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ತುಂಗಭದ್ರೆಯ ಈ ದಂಡೆಯ ನಾಡು ಅವನ ಕಾಲಕ್ಕೆ ಚಾಲುಕ್ಯರದು. ಆದರೆ ದಕ್ಷಿಣದ ಹೊಯ್ಸಳರ ಕಣ್ಣು ಅದರ ಮೇಲೆ ಆಗಲೇ ಬಿದ್ದಿತ್ತು.

ಸೋಮೇಶ್ವರನು ೧೧೨೬ರಲ್ಲಿ ಪಟ್ಟಕ್ಕೆ ಬಂದನು. ತಂದೆ ಐವತ್ತು ವರ್ಷ ಆಳಿದವನು. ಬಿಲ್ಹಣನಂಥ ಕಾಶ್ಮೀರದ ಕವಿಯನ್ನು ಕರೆಸಿಕೊಂಡು ಕಾವ್ಯನಾಯಕನಾದವನು. ಅಂಥ ತಂದೆಯ ನೆರಳಿನಿಂದ ಹೊರಬರುವುದು ಯಾವ ಮಗನಿಗಾದರೂ ಸುಲಭವಲ್ಲ. ಮಗನು ಕತ್ತಿಯಿಂದ ಆ ಕೀರ್ತಿಯನ್ನು ಮೀರಲು ಹೋಗಲಿಲ್ಲ. ತಂದೆಯ ಚರಿತ್ರೆಯನ್ನು ತಾನೇ ವಿಕ್ರಮಾಂಕಾಭ್ಯುದಯವೆಂಬ ಹೆಸರಿನಲ್ಲಿ ಬರೆಯತೊಡಗಿದನು. ಅದು ನಮಗೆ ಅಪೂರ್ಣವಾಗಿ ದೊರೆತಿದೆ. ಭೂಲೋಕಮಲ್ಲನೆಂಬುದು ಅವನ ಬಿರುದು. ಜನ ಅವನನ್ನು ಸರ್ವಜ್ಞ ಚಕ್ರವರ್ತಿಯೆಂದೂ ಕರೆದರು. ಎರಡನೆಯ ಹೆಸರೇ ಅವನಿಗೆ ಹೆಚ್ಚು ಒಪ್ಪುತ್ತದೆ.

ಆ ಹೆಸರನ್ನು ಸಾರ್ಥಕಗೊಳಿಸಿದ ಗ್ರಂಥ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿಯೆಂದೂ ಅದಕ್ಕೆ ಹೆಸರು. ಗ್ರಂಥದೊಳಗೆ ಬರುವ ಶಕವರ್ಷ ೧೦೫೧ರಿಂದ ಅದರ ಕಾಲ ೧೧೨೯ ಎಂದು ನಿಶ್ಚಯಿಸುತ್ತಾರೆ. ಐದು ಪ್ರಕರಣ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ಸ್ಥಿರಪಡಿಸುವ ಬಗೆ, ಅರಸನ ಉಪಭೋಗ, ವಿನೋದ, ಕ್ರೀಡೆ. ಇಡ್ಲಿ ದೋಸೆಗಳ ಪೂರ್ವಜರನ್ನು ಹುಡುಕುವವರು ಇದನ್ನೇ ತೆರೆಯುತ್ತಾರೆ. ಸಂಗೀತದ ವಿದ್ವಾಂಸರೂ ಇದನ್ನೇ ತೆರೆಯುತ್ತಾರೆ. ನಾನು ತೆರೆಯುವುದು ವಿನೋದಗಳ ಪ್ರಕರಣವನ್ನು. ಅಲ್ಲಿ ಪಾರಿವಾಳಕ್ಕೂ ಗಿಡುಗಕ್ಕೂ ನಡುವೆ ಒಂದು ಅಧ್ಯಾಯ ಕುಳಿತಿದೆ: ಸಾರಮೇಯ ವಿನೋದ. ಸಾರಮೇಯವೆಂದರೆ ಸರಮೆಯ ಸಂತಾನ, ನಾಯಿ. ಕಳವಾದ ಗೋವುಗಳನ್ನು ಇಂದ್ರನಿಗೆ ಹುಡುಕಿಕೊಟ್ಟ ವೇದಕಾಲದ ಆ ಹೆಣ್ಣುನಾಯಿಯ ಹೆಸರನ್ನು ಇಡೀ ಕುಲ ಹೊತ್ತಿದೆ.

ಬೀದಿಯಲ್ಲಿ ಕಲ್ಲೆಸೆದು ಓಡಿಸುವ ಪ್ರಾಣಿಗೆ ಚಕ್ರವರ್ತಿಯ ಗ್ರಂಥದಲ್ಲಿ ಪೀಠ! ಇದು ಬೇಟೆಯ ಮೋಜು ಮಾತ್ರವೆಂದು ತಳ್ಳಿಹಾಕುವವರುಂಟು. ಬೇಟೆಗಾಗಿಯೇ ಸಾಕಿದ ನಾಯಿಗಳೆಂಬುದು ನಿಜ. ಆದರೆ ಅದೇ ಗ್ರಂಥದ ಎರಡನೆಯ ಪ್ರಕರಣದಲ್ಲಿ ಆನೆ ಕುದುರೆಗಳಿಗೆ ಏನನ್ನು ಉಣಿಸಬೇಕು, ಹೇಗೆ ಪಳಗಿಸಬೇಕು, ಜ್ವರ ಬಂದರೆ, ಗಾಯವಾದರೆ, ಹೊಟ್ಟೆ ಕೆಟ್ಟರೆ ಏನು ಚಿಕಿತ್ಸೆ ಎಂಬುದನ್ನೂ ಅರಸನು ವಿಚಾರಿಸಿದ್ದಾನೆ. ಉಪಭೋಗದ ಪ್ರಕರಣದಲ್ಲಿ ಸ್ನಾನ, ಅನ್ನ, ನೀರು, ಶಯ್ಯೆ ಒಂದೊಂದಕ್ಕೂ ಅಧ್ಯಾಯವಿದೆ. ದೇಹವು ಸುಖವಾಗಿರುವುದು ಮದ್ದಿನಿಂದಲ್ಲ, ದಿನಚರಿಯಿಂದ ಎಂದು ನಂಬಿದವನ ಬರಹದಂತೆ ಅದು ನನಗೆ ಕಾಣುತ್ತದೆ.

ಈ ದೃಷ್ಟಿ ಅವನ ಮನೆತನದಲ್ಲಿಯೇ ಇದ್ದಿತು. ಕನ್ನಡದಲ್ಲಿ ಗೋವೈದ್ಯವನ್ನು ಬರೆದ ಕೀರ್ತಿವರ್ಮನು ವಿಕ್ರಮಾದಿತ್ಯನ ತಮ್ಮನೆಂದು ಕವಿಚರಿತೆಕಾರರು ಗುರುತಿಸಿದ್ದಾರೆ. ಎಂದರೆ ಸೋಮೇಶ್ವರನಿಗೆ ಚಿಕ್ಕಪ್ಪ. ಕನ್ನಡ ನಾಡಿನಲ್ಲಿ ನಾಯಿಯ ಗೌರವವಂತೂ ಇನ್ನೂ ಹಳೆಯದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ೯೪೯–೫೦ರ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದರೆ ಅವರು ಬೇರೆ ಶಾಸನಗಳ ಮುಂದೆ ಆಕಳಿಸಿದರೂ ಇದರ ಮುಂದೆ ನಿಲ್ಲುತ್ತಾರೆ.

ಸೋಮೇಶ್ವರನ ದೃಷ್ಟಿಯನ್ನು ಇಂದಿನ ಸಾಕುನಾಯಿಗೆ ಅನ್ವಯಿಸಿ ನೋಡಬಹುದು. ನಾಯಿಗೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ತಣಿಯಬೇಕು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಹಿಮದ ನಾಡಿನ ದಟ್ಟ ರೋಮದ ನಾಯಿಯನ್ನು ತಗಡಿನ ಕೆಳಗೆ ಸರಪಳಿಯಲ್ಲಿ ಬಿಗಿದು ಪ್ರತಿಷ್ಠೆ ಮೆರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ಮನೆಯದು ನಾಡನಾಯಿ. ಅದಕ್ಕೆ ಬೇಕಾದುದು ನೆರಳು, ನೀರು, ಮುಂಜಾನೆಯ ಓಟ, ಮಿತವಾದ ಊಟ. ಮನುಷ್ಯನೊಡನೆ ಸಾವಿರಾರು ವರ್ಷ ಬಾಳಿದ ನಾಯಿ ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಅರಗಿಸಿಕೊಳ್ಳುತ್ತದೆ. ಆದುದರಿಂದ ಅನ್ನ, ಮುದ್ದೆ ಅದಕ್ಕೆ ಅನ್ಯವಲ್ಲ. ಜೊತೆಗೆ ಮೊಟ್ಟೆಯೋ ಮಾಂಸವೋ ಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಮಾತ್ರ ಅದಕ್ಕೆ ವಿಷ. ಪ್ರೀತಿಯಿಂದ ಕೊಟ್ಟರೂ ವಿಷವೇ.

ಸಹಜ ಪಾಲನೆಯ ಮಾತಾಡುವವರು ಒಂದೆಡೆ ತಪ್ಪದೆ ನಿಲ್ಲಬೇಕು. ಹುಚ್ಚುನಾಯಿ ರೋಗಕ್ಕೆ ಸೋಮೇಶ್ವರನ ಕಾಲದ ಯಾವ ಮೂಲಿಕೆಯೂ ಮದ್ದಾಗಲಿಲ್ಲ, ಇಂದೂ ಆಗುವುದಿಲ್ಲ. ಪಾಸ್ಚರನು ೧೮೮೫ರಲ್ಲಿ ಮನುಷ್ಯನಿಗೆ ಮೊದಲ ಚುಚ್ಚುಮದ್ದು ಕೊಟ್ಟ ಮೇಲೆಯೇ ಬದುಕುವ ದಾರಿ ತೆರೆಯಿತು. ಲಕ್ಷಣ ತಲೆದೋರಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ನಾಯಿಗೆ ವರ್ಷ ವರ್ಷವೂ ಲಸಿಕೆ ಹಾಕಿಸುವುದು, ಕಚ್ಚಿದ ಗಾಯವನ್ನು ಒಡನೆಯೇ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿಗೆ ಓಡುವುದು, ಇವೂ ಪಾಲನೆಯೇ. ಆನೆಯ ಜ್ವರಕ್ಕೆ ವೈದ್ಯನನ್ನು ಕರೆಸಿದ ಅರಸನು ಇದನ್ನು ಒಲ್ಲೆನೆನ್ನುತ್ತಿರಲಿಲ್ಲ.

ಇತ್ತ ರಾಜ್ಯದ ಗಡಿಗಳು ಸವೆಯುತ್ತಿದ್ದವು. ವೆಂಗಿ ಚೋಳರ ಕಡೆಗೆ ಸರಿಯಿತು. ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಸಾಮಂತನಾಗಿದ್ದುಕೊಂಡೇ ನೊಳಂಬವಾಡಿಗೊಂಡನೆಂಬ ಬಿರುದು ಧರಿಸಿದನು. ಆ ನೊಳಂಬವಾಡಿಯೇ ನಮ್ಮ ಸೀಮೆ. ಪುಸ್ತಕ ಬರೆಯದೆ ದಂಡೆತ್ತಿ ಬಂದಿದ್ದರೆ ಸೋಮೇಶ್ವರನು ಇದನ್ನೆಲ್ಲ ಉಳಿಸಿಕೊಳ್ಳುತ್ತಿದ್ದನೆ? ತಂದೆಯಂಥ ವೀರನ ಕಾಲದಲ್ಲಿಯೇ ಹೊಯ್ಸಳರು ತಲೆಯೆತ್ತಿದ್ದುದನ್ನು ನೆನೆದರೆ ನನಗೆ ಹಾಗೆ ತೋರುವುದಿಲ್ಲ.

೧೧೩೮ರಲ್ಲಿ ಅವನು ತೀರಿಕೊಂಡನು. ಮಕ್ಕಳಾದ ಎರಡನೆಯ ಜಗದೇಕಮಲ್ಲ, ಮೂರನೆಯ ತೈಲಪ ಒಬ್ಬರಾದ ಮೇಲೊಬ್ಬರು ಆಳಿದರು. ಬಳಿಕ ಕಲ್ಯಾಣ ಕಲಚುರಿ ಬಿಜ್ಜಳನ ಕೈಸೇರಿತು. ಗ್ರಂಥ ಮಾತ್ರ ಓಲೆಯಿಂದ ಓಲೆಗೆ ದಾಟಿ ಬಂದಿತು. ಬರೋಡೆಯ ಗಾಯಕವಾಡ ಮಾಲೆಯಲ್ಲಿ ಶ್ರೀಗೊಂಡೇಕರರು ಸಂಪಾದಿಸಿದ ಅದರ ಸಂಪುಟಗಳು ೧೯೨೫, ೧೯೩೯, ೧೯೬೧ರಲ್ಲಿ ಹೊರಬಂದವು. ೧೯೨೬ರಲ್ಲಿ ಮೈಸೂರಿನಿಂದಲೂ ಒಂದು ಭಾಗ ಅಚ್ಚಾಯಿತು. ಹಳೆಯ ಕಾಲೇಜು ಗ್ರಂಥಾಲಯಗಳಲ್ಲಿ ಕೇಳಿದರೆ ಈ ಸಂಪುಟಗಳು ಸಿಕ್ಕಾವು. ಧೂಳು ಕೊಡವಿಕೊಳ್ಳಲು ಒಂದು ವಸ್ತ್ರವನ್ನು ಮಾತ್ರ ಓದುಗರು ತಾವೇ ಒಯ್ಯಬೇಕು.