ಟೆಲಿಸ್ಕೋಪ್ ಇಲ್ಲದ ಪೇಪರ್

ಐದನೇ ಸೆಮಿಸ್ಟರ್‌ನಲ್ಲಿ ಕಾಲೇಜಿನ ಪೇಪರ್ ಪ್ರೆಸೆಂಟೇಶನ್‌ಗೆ ಹೆಸರು ಕೊಟ್ಟೆ. ವಿಷಯ, ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳು. ರೋಣದ ನಮ್ಮ ಮನೆಗೆ ಟೆಲಿಸ್ಕೋಪ್ ಎಲ್ಲಿಂದ ಬರಬೇಕು? ನಾಲ್ಕಾರು ಕಡೆಯಿಂದ ಕಾಪಿ ಪೇಸ್ಟ್ ಮಾಡಿ ಹತ್ತು ಪುಟ ತುಂಬಿಸಿದೆ. ಗೈಡ್ ಓದಿ, ಇದರಲ್ಲಿ ನೀನು ನೋಡಿದ್ದು ಯಾವುದು ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಅದೇ ಬೇಜಾರಿನಲ್ಲಿ ಹುಡುಕುತ್ತಿದ್ದಾಗ ಸಿಕ್ಕಿದ್ದು ವೈನು ಬಪ್ಪು ಅವರ ಜೀವನ. 1927ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಹೈದರಾಬಾದ್‌ನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ನಿಜಾಮ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬಪ್ಪು, ನಾನು ಆರಿಸಿಕೊಂಡ ಅದೇ ಬಗೆಯ ನಕ್ಷತ್ರಗಳನ್ನು ಗಮನಿಸಿ ಪ್ರಬಂಧ ಪ್ರಕಟಿಸಿದ್ದರು. ಓದಿ ನಾಚಿಕೆಯಾಯಿತು.

ಮುಂದೆ ಸ್ಕಾಲರ್‌ಶಿಪ್ ಪಡೆದು ಹಾರ್ವರ್ಡ್‌ಗೆ ಹೋದರು. 1949ರಲ್ಲಿ, ಹೋದ ಕೆಲವೇ ತಿಂಗಳಲ್ಲಿ, ಆಕಾಶದ ಫೋಟೊ ಪ್ಲೇಟ್ ಒಂದನ್ನು ಪರೀಕ್ಷಿಸುವಾಗ ಹೊಸ ಧೂಮಕೇತು ಕಣ್ಣಿಗೆ ಬಿತ್ತು. ಪ್ರಾಧ್ಯಾಪಕ ಬಾರ್ಟ್ ಬಾಕ್, ಸಹಪಾಠಿ ನ್ಯೂಕಿರ್ಕ್ ಅವರ ಹೆಸರಿನ ಜೊತೆ ಅದಕ್ಕೆ ಬಪ್ಪು ಹೆಸರೂ ಸೇರಿತು. ಆಮೇಲೆ ಓಲಿನ್ ವಿಲ್ಸನ್ ಜೊತೆ ಮಾಡಿದ ಕೆಲಸ 1957ರಲ್ಲಿ ಪ್ರಕಟವಾಯಿತು. ತಂಪು ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಕ್ಯಾಲ್ಸಿಯಂನ ಒಂದು ಕಪ್ಪು ಗೆರೆಯ ನಡುವೆ ಸಣ್ಣ ಹೊಳಪು ಕಾಣುತ್ತದೆ. ಅದು ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು. ನಿಜವಾದ ಪ್ರಕಾಶ ತಿಳಿದರೆ ದೂರದ ಲೆಕ್ಕ ಸಿಗುತ್ತದೆ. ಇದಕ್ಕೆ ಇಂದಿಗೂ ವಿಲ್ಸನ್–ಬಪ್ಪು ಪರಿಣಾಮ ಎನ್ನುತ್ತಾರೆ.

ಅಲ್ಲೇ ಉಳಿಯಬಹುದಿತ್ತು. ಆದರೆ ವಾಪಸ್ ಬಂದರು. ನೈನಿತಾಲ್, 1960ರಿಂದ ಕೊಡೈಕನಾಲ್, ಆಮೇಲೆ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು. ಅಲ್ಲಿ ಮೊದಲು ನಿಂತದ್ದು ತಮ್ಮದೇ ವರ್ಕ್‌ಶಾಪಿನಲ್ಲಿ ತಯಾರಿಸಿದ 38 ಸೆಂಟಿಮೀಟರ್ ಟೆಲಿಸ್ಕೋಪ್. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಹುಟ್ಟಿತು. ಅದೀಗ ಬೆಂಗಳೂರಿನ ಕೋರಮಂಗಲದಲ್ಲಿದೆ. 2.34 ಮೀಟರ್ ಟೆಲಿಸ್ಕೋಪನ್ನು ದೇಶದಲ್ಲೇ ಕಟ್ಟಬೇಕೆಂದು ಹಟ ಹಿಡಿದರು. ಅದು ಮುಗಿಯುವ ಮೊದಲೇ, 1982ರ ಆಗಸ್ಟ್‌ನಲ್ಲಿ, ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರು. 1986ರಲ್ಲಿ ಆ ಟೆಲಿಸ್ಕೋಪಿಗೆ ಅವರದೇ ಹೆಸರಿಟ್ಟರು.

ನಾನು ಹತ್ತು ಪುಟ ಹರಿದು ಹಾಕಿದೆ. ಆಲ್ಗಾಲ್ ಎಂಬ ನಕ್ಷತ್ರ ಬರಿಗಣ್ಣಿಗೇ ಕಾಣುತ್ತದೆ. ಅದರ ಮಂಕು ಜೊತೆಗಾರ ಎದುರಿಗೆ ಬಂದಾಗ, ಅಂದರೆ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ, ಬೆಳಕು ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಆದರೆ ಎಷ್ಟೋ ಸಲ ಅದು ಹಗಲಲ್ಲೇ ಆಗಿಬಿಡುತ್ತದೆ. ರಾತ್ರಿ ಆಗುವ ದಿನಗಳನ್ನು ಲೆಕ್ಕ ಹಾಕಿ, ಗಜೇಂದ್ರಗಡದ ಸೋದರಮಾವನ ಹೊಲಕ್ಕೆ ಹೋದೆ. ಕಂಬಳಿ ಹೊದ್ದು ಕುಳಿತು, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಅರ್ಧ ಗಂಟೆಗೊಮ್ಮೆ ಬರೆದುಕೊಂಡೆ. ನರಗುಂದದ ಗೆಳೆಯನಿಗೂ ಅವನ ಮನೆ ಮಾಳಿಗೆ ಮೇಲಿಂದ ನೋಡಲು ಹೇಳಿದ್ದೆ. ನಮ್ಮಿಬ್ಬರ ಅಂಕಿ ಒಂದೇ ಆಗಿರಲಿಲ್ಲ. ಎರಡನ್ನೂ ಹಾಗೇ ಗ್ರಾಫ್‌ನಲ್ಲಿ ಹಾಕಿದೆ.

ಪೇಪರ್ ನಾಲ್ಕೇ ಪುಟವಾಯಿತು. ಬಹುಮಾನ ಬರಲಿಲ್ಲ. ಗ್ರಾಫ್ ನಡುವೆ ಎರಡು ಗಂಟೆ ಖಾಲಿ ಏಕೆ ಎಂದು ಗೈಡ್ ಕೇಳಿದರು. ಮೋಡ ಬಂದಿತ್ತು ಸರ್ ಎಂದೆ. ಈ ಸಲ ನನ್ನ ಬಳಿ ಉತ್ತರ ಇತ್ತು.